ಮಾಡಿ ಮುಗಿಸಿದ ಸ್ಕೇಲ್ ಮಾಡೆಲ್‌ಗಳನ್ನು ಮನೆಯಲ್ಲಿ ಎಲ್ಲಿಡಬೇಕು, ಹೇಗಿಡಬೇಕು?

ಹೊಸದಾಗಿ ಸ್ಕೇಲ್ ಮಾಡೆಲ್ (ವಿಮಾನ, ಯುದ್ಧಟ್ಯಾಂಕ್, ಹಡಗು, ಕಾರುಗಳನ್ನು ಅಳತೆಗೆ ತಕ್ಕಂತೆ ಕಿರಿದು ಮಾಡಿದ ಪ್ರತಿರೂಪ) ಕೈಗೆತ್ತಿಕೊಂಡವರು ಮೊದಲು ಕೇಳುವುದು ಅಂಟು, ಬಣ್ಣ, ಏರ್‌ಬ್ರಷ್ ಬಗ್ಗೆ. ಏಳೆಂಟು ಮಾಡೆಲ್ ಮುಗಿದ ಮೇಲೆ ಎಲ್ಲರ ಪ್ರಶ್ನೆಯೂ ಒಂದೇ ಆಗುತ್ತದೆ: "ಇವನ್ನೆಲ್ಲ ಎಲ್ಲಿಡೋದು? ಯಾವ ಶೋಕೇಸ್ ತಗೊಳ್ಳಲಿ?" ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಉತ್ತರ ಶೋಕೇಸಿನಿಂದ ಶುರುವಾಗುವುದಿಲ್ಲ. ಮೊದಲು ಜಾಗ, ಆಮೇಲೆ ಅಳತೆ, ಶೋಕೇಸ್ ಅದಾದ ಮೇಲೆ. ಕೈಜಾರಿ ಬಿದ್ದು ಮುರಿದ ಮಾಡೆಲನ್ನು ಒಂದು ಸಂಜೆ ಕೂತು ಸರಿ ಮಾಡಬಹುದು. ಬಿಸಿಲು, ತೇವ, ಅಡುಗೆಮನೆಯ ಜಿಡ್ಡು, ಕಪಾಟಿನೊಳಗೇ ತುಂಬಿಕೊಳ್ಳುವ ಆವಿ ಇವು ಹಾಗಲ್ಲ. ಇವು ಮಾಡಿದ ಹಾನಿ ಕಣ್ಣಿಗೆ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ಏನೂ ಮಾಡಲಾಗದ ಹಂತಕ್ಕೆ ಬಂದಿರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಪಾಲಿಸ್ಟೈರೀನ್ ಕಿಟ್‌ಗಳಿಗೆ, ಅಂದರೆ ಟಮಿಯಾ, ಏರ್‌ಫಿಕ್ಸ್, ರೆವೆಲ್ ಮುಂತಾದ ಕಂಪನಿಗಳ ಬಿಡಿಭಾಗಗಳ ಪ್ಲಾಸ್ಟಿಕ್ ಕಿಟ್‌ಗಳಿಗೆ ಅನ್ವಯ. ಮರದ ಹಡಗು, ಲೋಹದ ಗೊಂಬೆ, ಡೈಕಾಸ್ಟ್ ಕಾರುಗಳ ವಿಷಯ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳುತ್ತೇನೆ. ಡೈಕಾಸ್ಟ್ ಅಂದರೆ ಕರಗಿಸಿದ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಒತ್ತಿ ಮಾಡಿದ್ದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಅಳತೆ ಟೇಪು, ರಟ್ಟು, ಮೇಕಪ್‌ಗೆ ಬಳಸುವ ಮೃದು ಬ್ರಷ್ ಎರಡು (ಒಂದು ದಪ್ಪ, ಒಂದು ಸಣ್ಣ), ಕ್ಯಾಮೆರಾ ಲೆನ್ಸಿನ ಧೂಳು ಊದುವ ರಬ್ಬರ್ ಬುರುಡೆ, ಹತ್ತಿ ಕಡ್ಡಿ, ಡಿಸ್ಟಿಲ್ಡ್ ವಾಟರ್, ಸಿಲಿಕಾ ಜೆಲ್, ಮತ್ತೆ ಒಂದು ಹೈಗ್ರೋಮೀಟರ್. ಹೈಗ್ರೋಮೀಟರ್ ಗಾಳಿಯ ತೇವಾಂಶವನ್ನು ಶೇಕಡಾವಾರು ತೋರಿಸುವ ಪುಟ್ಟ ಉಪಕರಣ. ಅಗ್ಗದ್ದೇ ಸಾಕು, ಆದರೆ ಅದಿಲ್ಲದೆ ಬರೀ ಅಂದಾಜಿನ ಮೇಲೆ ಹೋಗಬೇಡಿ.

ಹಂತ 1: ಪೂರ್ತಿ ಒಣಗಲು ಬಿಡಿ

ಬೆರಳಿಗೆ ಅಂಟದಿದ್ದ ಮಾತ್ರಕ್ಕೆ ಬಣ್ಣ ಒಣಗಿತು ಎಂದಲ್ಲ. ಅಕ್ರಿಲಿಕ್ ಬಣ್ಣ ಬೇಗ ಗಟ್ಟಿಯಾಗುತ್ತದೆ. ಎನಾಮಲ್ ಮಾತ್ರ, ಅದರಲ್ಲೂ ದಪ್ಪಗೆ ಹೊಡೆದಿದ್ದರೆ, ಒಳಗಿನ ದ್ರಾವಕವನ್ನು ವಾರಗಟ್ಟಲೆ ಹೊರಬಿಡುತ್ತಲೇ ಇರುತ್ತದೆ. ಮಾಡೆಲನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಬಣ್ಣದ ವಾಸನೆ ಬಂದರೆ ಇನ್ನೂ ಕಾಯಬೇಕು. ಈ ಹಂತದಲ್ಲೇ ಮುಚ್ಚಿದ ಗಾಜಿನೊಳಗೆ ಇಟ್ಟರೆ ಆವಿಗೆ ಹೋಗಲು ದಾರಿ ಇರುವುದಿಲ್ಲ.

ಸೂಪರ್‌ಗ್ಲೂ ಬಳಸಿದ್ದರಂತೂ ಇನ್ನಷ್ಟು ಎಚ್ಚರ ಬೇಕು. ಆ ಅಂಟಿನ ಆವಿ ಪಾರದರ್ಶಕ ಭಾಗಗಳ ಮೇಲೆ, ಉದಾಹರಣೆಗೆ ವಿಮಾನದ ಕಾಕ್‌ಪಿಟ್ ಮುಚ್ಚಳದ ಮೇಲೆ, ಬಿಳಿ ಮಂಜಿನಂತೆ ಕೂತುಬಿಡುತ್ತದೆ. ಸೂಪರ್‌ಗ್ಲೂ ಹಾಕಿದ ಮೇಲೆ ಕನಿಷ್ಠ ಒಂದೆರಡು ದಿನ ಗಾಳಿಯಾಡುವ ಜಾಗದಲ್ಲಿ ಇಡಿ. ಧೂಳು ಬೀಳುತ್ತದೆ ಅನ್ನುವ ಚಿಂತೆ ಇದ್ದರೆ ರಟ್ಟಿನ ಡಬ್ಬವನ್ನು ಒಂದು ಕಡೆ ಸ್ವಲ್ಪ ಎತ್ತಿಟ್ಟು ಮೇಲೆ ಕವುಚಿ.

ಹಂತ 2: ಜಾಗ ಗೊತ್ತುಮಾಡಿ

ಅವಸರ ಮಾಡಬಾರದ ಹಂತ ಇದು. ಮನೆಯ ಎಲ್ಲ ಗೋಡೆಗಳನ್ನೂ ನಾಲ್ಕು ಪ್ರಶ್ನೆ ಇಟ್ಟುಕೊಂಡು ನೋಡಿ: ಬಿಸಿಲು ಬೀಳುತ್ತದೆಯೇ? ಜಿಡ್ಡು, ಹೊಗೆ ಬರುತ್ತದೆಯೇ? ಗೋಡೆ ತೇವವೇ? ಓಡಾಟದ ದಾರಿಯೇ?

ಬಿಸಿಲಿನ ವಿಷಯದಲ್ಲಿ "ಉತ್ತರದ ಕಿಟಕಿಯಾದರೆ ಚಿಂತೆಯಿಲ್ಲ" ಎಂದು ಹೊರದೇಶದ ಪುಸ್ತಕಗಳಲ್ಲಿ ಓದಿರುತ್ತೀರಿ. ಅದು ನಮ್ಮ ಅಕ್ಷಾಂಶಕ್ಕೆ ಪೂರ್ತಿ ಹೊಂದುವ ಮಾತಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಮೇ, ಜೂನ್‌ನಲ್ಲಿ ಉತ್ತರದ ಕಿಟಕಿಯಿಂದಲೂ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಒಳಗೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಾಗ ದಕ್ಷಿಣದ ಕಿಟಕಿಯ ಬಿಸಿಲು ಕೋಣೆಯ ಒಳಗಿನ ಗೋಡೆಯವರೆಗೂ ಚಾಚುತ್ತದೆ. ಆದ್ದರಿಂದ ಇವತ್ತು ಬಿಸಿಲಿಲ್ಲ ಎಂದು ತೀರ್ಮಾನಿಸಬೇಡಿ. ವರ್ಷಪೂರ್ತಿ ಆ ಗೋಡೆಗೆ ಬಿಸಿಲು ಬೀಳುವ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿಕೊಳ್ಳಿ, ಇಲ್ಲವೇ ಹಗಲೂ ಪರದೆ ಎಳೆದೇ ಇರುವ ಕೋಣೆಯನ್ನು ಆರಿಸಿ.

ಕಿಟಕಿಗೆ ಗಾಜು ಇದೆ, ಶೋಕೇಸಿಗೂ ಗಾಜು ಇದೆ, ಇನ್ನೇನು ಭಯ ಅನ್ನುವವರಿದ್ದಾರೆ. ಸಾಮಾನ್ಯ ಗಾಜು ಅತಿನೇರಳೆ ಕಿರಣಗಳಲ್ಲಿ ಒಂದು ಭಾಗವನ್ನು ಮಾತ್ರ ತಡೆಯುತ್ತದೆ. ಯುವಿ-ಎ ಎಂಬ ಉಳಿದ ದೊಡ್ಡ ಪಾಲು ಒಳಗೆ ಬಂದೇ ಬರುತ್ತದೆ. ಅದರಿಂದ ಬಿಳಿ ಬಣ್ಣ ಹಳದಿಯಾಗುತ್ತದೆ, ಡೀಕಾಲ್‌ಗಳು ಮಾಸುತ್ತವೆ. (ಡೀಕಾಲ್ ಎಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು, ಸಂಖ್ಯೆಗಳ ಹಾಳೆ.) ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ನೀವೇ ಅಚ್ಚು ಹಾಕಿಕೊಂಡ ಡೀಕಾಲ್‌ಗಳು ಎಲ್ಲಕ್ಕಿಂತ ಮೊದಲು ಮಾಸುತ್ತವೆ.

ಬಿಸಿಲಿನ ಜತೆ ಕಾವು ಬರುತ್ತದೆ. ಪಾಲಿಸ್ಟೈರೀನ್ ಪೂರ್ತಿ ಮೆದುವಾಗುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ. ತೆಳುವಾದ, ಭಾರ ಹೊತ್ತ ಭಾಗಗಳು ಅಷ್ಟು ಕಾಯುವ ಮೊದಲೇ ಬಾಗತೊಡಗುತ್ತವೆ. ರೆಸಿನ್ ಭಾಗಗಳು (ದ್ರವ ರಾಳವನ್ನು ಅಚ್ಚಿಗೆ ಸುರಿದು ಗಟ್ಟಿ ಮಾಡಿದವು) ಇನ್ನೂ ಸೂಕ್ಷ್ಮ. ಸೊಟ್ಟಗಿರುವ ರೆಸಿನ್ ಭಾಗವನ್ನು ಬಿಸಿನೀರಿನಲ್ಲಿ ಅದ್ದಿ ನಾವೇ ನೆಟ್ಟಗೆ ಮಾಡಿಕೊಳ್ಳುತ್ತೇವಲ್ಲ, ಅದೇ ಗುಣ ಇಲ್ಲಿ ತಿರುಗುಬಾಣವಾಗುತ್ತದೆ. ರೆಸಿನ್‌ನ ಟ್ಯಾಂಕ್ ನಳಿಗೆ, ವಿಮಾನದ ಗಾಲಿಗಂಬ ಬೇಸಿಗೆ ಕಳೆಯುವಷ್ಟರಲ್ಲಿ ಜೋತುಬಿದ್ದಿರುತ್ತವೆ. ಗಾಲಿಗಂಬಕ್ಕೆ ಲೋಹದ ಬದಲಿ ಸಿಕ್ಕರೆ ಅದನ್ನೇ ಹಾಕಿ.

ಇನ್ನು ಜಿಡ್ಡು. ಒಗ್ಗರಣೆ ಹಾಕಿದಾಗ ಏಳುವ ಎಣ್ಣೆಯ ಸಣ್ಣ ಹನಿಗಳು ಅಡುಗೆಮನೆಯಲ್ಲೇ ನಿಲ್ಲುವುದಿಲ್ಲ. ತೆರೆದ ಅಡುಗೆಮನೆ ಇರುವ ಫ್ಲಾಟುಗಳಲ್ಲಿ ಅವು ಹಾಲಿನ ಶೋಕೇಸಿನವರೆಗೆ ಸಲೀಸಾಗಿ ಬರುತ್ತವೆ. ದೇವರಮನೆಯ ಊದುಬತ್ತಿ, ಸಾಂಬ್ರಾಣಿ ಹೊಗೆಯದೂ ಅದೇ ಕಥೆ. ಬರೀ ಧೂಳಾದರೆ ಬ್ರಷ್‌ಗೆ ಹೋಗುತ್ತದೆ. ಜಿಡ್ಡಿನ ಮೇಲೆ ಕೂತ ಧೂಳು ಹೋಗುವುದಿಲ್ಲ. ಮ್ಯಾಟ್ ವಾರ್ನಿಷ್ ಹೊಡೆದ ಮಾಡೆಲ್‌ಗಳಲ್ಲಿ, ಅಂದರೆ ಹೊಳಪಿಲ್ಲದ ಮುಕ್ತಾಯ ಕೊಟ್ಟವುಗಳಲ್ಲಿ, ಈ ಜಿಡ್ಡು ಮೇಲ್ಮೈಯ ಸೂಕ್ಷ್ಮ ಒರಟಿನೊಳಗೇ ಸೇರಿಕೊಂಡು ಕಲೆಯಾಗುತ್ತದೆ. ಅಡುಗೆಮನೆ, ದೇವರಮನೆಗಳಿಗೆ ನೇರ ಎದುರಾದ ಗೋಡೆ ಬೇಡ.

ಸ್ನಾನದ ಮನೆಗೆ ಅಂಟಿದ ಗೋಡೆ, ಮಳೆ ಬಡಿಯುವ ಹೊರಗೋಡೆ ಇವೆರಡನ್ನೂ ಬಿಡಿ. ಬೇರೆ ದಾರಿ ಇಲ್ಲದಿದ್ದರೆ ಶೋಕೇಸನ್ನು ಗೋಡೆಯಿಂದ ನಾಲ್ಕೈದು ಸೆಂಟಿಮೀಟರ್ ಮುಂದಕ್ಕೆ ಇಡಿ, ಹಿಂದೆ ಗಾಳಿ ಆಡಲಿ.

ವಿಮಾನವನ್ನು ದಾರ ಕಟ್ಟಿ ಚಾವಣಿಯಿಂದ ತೂಗುಹಾಕುವ ಆಸೆ ಹಲವರಿಗಿದೆ. ಅದರಲ್ಲೂ ಮಕ್ಕಳಿಗೆ ಬಲು ಇಷ್ಟ. ಆದರೆ ನಮ್ಮ ಮನೆಗಳಲ್ಲಿ ಕೋಣೆಗೊಂದು ಫ್ಯಾನಿದೆ. ಅದರ ಗಾಳಿಗೆ ಮಾಡೆಲ್ ತಿರುಗುತ್ತಾ, ದಾರ ಕಟ್ಟಿದ ಜಾಗ ಸವೆಯುತ್ತಾ ಹೋಗುತ್ತದೆ, ಮೇಲಿನಿಂದ ಧೂಳು ಸುರಿಯುತ್ತಲೇ ಇರುತ್ತದೆ. ಚೆನ್ನಾಗಿ ಮೂಡಿಬಂದ ಮಾಡೆಲನ್ನು ತೂಗುಹಾಕಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಂತ 3: ಅಳತೆ ಹಾಕಿ

ಸ್ಕೇಲ್ 1/72 ಅಂದರೆ ನಿಜವಾದ ವಸ್ತುವಿನ 72ರಲ್ಲಿ ಒಂದು ಪಾಲು. ಆರು ಅಡಿ ಎತ್ತರದ ಮನುಷ್ಯ ಅದರಲ್ಲಿ ಒಂದು ಇಂಚು. ನಿಜವಾದ ಉದ್ದವನ್ನು ಸ್ಕೇಲಿನ ಸಂಖ್ಯೆಯಿಂದ ಭಾಗಿಸಿದರೆ ಮಾಡೆಲಿನ ಉದ್ದ ಸಿಗುತ್ತದೆ. ಮಾಡಿ ಮುಗಿಸಿದ್ದಕ್ಕಷ್ಟೇ ಅಲ್ಲ, ಡಬ್ಬದಲ್ಲೇ ಕೂತಿರುವ ಕಿಟ್‌ಗಳಿಗೂ ಈ ಲೆಕ್ಕ ಹಾಕಿ, ಯಾಕೆಂದರೆ ಶೋಕೇಸ್ ಕೊಳ್ಳುವುದು ಅವಕ್ಕೂ ಸೇರಿಸಿ.

2025ರ ಸೆಪ್ಟೆಂಬರ್‌ನಲ್ಲಿ ವಾಯುಪಡೆಯಿಂದ ನಿವೃತ್ತಿಯಾದ ಮಿಗ್-21 ಅನ್ನು ಈಗ ಬಹಳ ಜನ ಮಾಡುತ್ತಿದ್ದಾರೆ. 1/72ರಲ್ಲಿ ಅದರ ಉದ್ದ ಮೂತಿಯ ಕಡ್ಡಿ ಬಿಟ್ಟು ಸುಮಾರು 20 ಸೆಂ.ಮೀ., ರೆಕ್ಕೆಯಗಲ 10 ಸೆಂ.ಮೀ. ಅಷ್ಟೇ. ಬೆಂಗಳೂರಿನಲ್ಲಿ ಎಚ್‌ಎಎಲ್ ತಯಾರಿಸಿದ, 1961ರಲ್ಲಿ ಮೊದಲ ಬಾರಿ ಹಾರಿದ ಮಾರುತ್ ಯುದ್ಧವಿಮಾನ ಅದೇ ಸ್ಕೇಲಿನಲ್ಲಿ ಸುಮಾರು 22 ಸೆಂ.ಮೀ. ಉದ್ದ, 12.5 ಸೆಂ.ಮೀ. ಅಗಲ. ತೇಜಸ್ 18 ಸೆಂ.ಮೀ. ಇವೆಲ್ಲ ಸಾಮಾನ್ಯ ಟಿವಿ ಯೂನಿಟ್ಟಿನ ಒಂದಡಿ ಆಳದಲ್ಲಿ ಆರಾಮಾಗಿ ಕೂರುತ್ತವೆ. ಸುಖೋಯ್-30 ಕತೆ ಬೇರೆ. 1/72ರಲ್ಲೇ 30 ಸೆಂ.ಮೀ. ದಾಟುತ್ತದೆ, ಒಂದಡಿ ಆಳದ ಕಪಾಟಿನಲ್ಲಿ ಓರೆಯಾಗಿ ಇಲ್ಲವೇ ಅಡ್ಡಲಾಗಿ ಇಡಬೇಕು. 1/48ಕ್ಕೆ ಹೋದರೆ ಸುಮಾರು 46 ಸೆಂ.ಮೀ. ಉದ್ದ, 31 ಸೆಂ.ಮೀ. ರೆಕ್ಕೆ. 1/35ರ ಟಿ-72 ಟ್ಯಾಂಕ್ ನಳಿಗೆ ಸೇರಿ 27 ಸೆಂ.ಮೀ. ಇನ್ನು 262 ಮೀಟರ್ ಉದ್ದದ ಹೊಸ ಐಎನ್‌ಎಸ್ ವಿಕ್ರಾಂತ್ 1/700ರಲ್ಲಿ 37 ಸೆಂ.ಮೀ. ಆದರೆ 1/350ರಲ್ಲಿ ಮುಕ್ಕಾಲು ಮೀಟರ್. ಅದಕ್ಕೆ ಪ್ರತ್ಯೇಕ ಪೆಟ್ಟಿಗೆಯೇ ಬೇಕು.

ಜನ ಎಡವುವುದು ಎತ್ತರದಲ್ಲಿ. ಕಾರ್ಪೆಂಟರ್‌ಗೆ ಹೇಳದೇ ಬಿಟ್ಟರೆ ಪುಸ್ತಕದ ಕಪಾಟಿನ ಹಾಗೆ ಅಡಿಗೊಂದು ಹಲಗೆ ಹಾಕುತ್ತಾರೆ. 1/72 ಸುಖೋಯ್ ಗಾಲಿಯ ಮೇಲೆ ನಿಂತರೂ 9 ಸೆಂ.ಮೀ. ಒಳಗೇ ಇರುತ್ತದೆ, ಮಿಗ್-21 ಇನ್ನೂ ಗಿಡ್ಡ. ಹಲಗೆಗಳ ನಡುವೆ 15ರಿಂದ 18 ಸೆಂ.ಮೀ. ಬಿಟ್ಟರೆ ಕೈ ಹಾಕಿ ತೆಗೆಯಲು ಧಾರಾಳವಾಗುತ್ತದೆ, ಅಷ್ಟೇ ಎತ್ತರದ ಶೋಕೇಸಿನಲ್ಲಿ ಎರಡು ಮೂರು ಹಲಗೆ ಹೆಚ್ಚು ಸಿಗುತ್ತವೆ. ಹಲಗೆಯನ್ನು ಮೇಲೆ ಕೆಳಗೆ ಸರಿಸಲು ಬರುವಂತೆ ತೂತು ಕೊರೆದು ಪಿನ್ ಮೇಲೆ ಕೂರಿಸಲು ಹೇಳಿ.

ಕೊಳ್ಳುವ ಮುನ್ನ ರಟ್ಟಿನಲ್ಲಿ ಪ್ರತಿ ಮಾಡೆಲಿನ ಉದ್ದ, ಅಗಲದ ಆಯತ ಕತ್ತರಿಸಿ ನೆಲದ ಮೇಲೆ ಹಲಗೆಯ ಅಳತೆಗೆ ಜೋಡಿಸಿ ನೋಡಿ. ಪಕ್ಕಪಕ್ಕದ ಎರಡರ ನಡುವೆ ಮೂರು ಬೆರಳು ಜಾಗ ಇರಲಿ. ಅದಿಲ್ಲದಿದ್ದರೆ ಒಂದನ್ನು ತೆಗೆಯುವಾಗ ಪಕ್ಕದ್ದರ ಆಂಟೆನಾ ಹೋಗುತ್ತದೆ.

ಹಂತ 4: ಶೋಕೇಸ್ ಆರಿಸಿ, ಆಮೇಲೆ ಅದನ್ನು ಖಾಲಿ ಬಿಡಿ

ಎಲ್ಲ ಕಡೆ ಗಾಜಿರುವ ರೆಡಿಮೇಡ್ ಕಪಾಟು ನೋಡಲು ಚೆಂದ. ಆದರೆ ಅದರ ಬಾಗಿಲಿನ ಸುತ್ತ ಸಾಮಾನ್ಯವಾಗಿ ಸಂದು ಇರುತ್ತದೆ, ಅದರ ಮೂಲಕ ಧೂಳು ಬರುತ್ತದೆ. ಬಾಗಿಲಿನ ಅಂಚಿಗೆ ಹಚ್ಚುವ ಬ್ರಷ್ ಪಟ್ಟಿ ಅಥವಾ ಫೋಮ್ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಮೊದಲ ದಿನವೇ ಹಚ್ಚಿಬಿಡಿ. ಜಾರುಗಾಜಿನ ಬಾಗಿಲಿಗಿಂತ ಕೀಲಿನ ಬಾಗಿಲು ಒಳ್ಳೆಯದು. ಜಾರುಗಾಜು ಎರಡು ಒಂದರ ಮೇಲೊಂದು ಬರುವ ಕಡೆ ಸಂದು ತಪ್ಪಿದ್ದಲ್ಲ. ಒಳಗಿನ ಹಲಗೆಗೆ 5-6 ಮಿ.ಮೀ. ಟಫನ್ಡ್ ಗಾಜು ಎರಡಡಿ ಅಗಲದವರೆಗೆ ಪ್ಲಾಸ್ಟಿಕ್ ಮಾಡೆಲ್‌ಗಳಿಗೆ ಸಾಕು. ಡೈಕಾಸ್ಟ್ ಇಡುವುದಾದರೆ 8 ಮಿ.ಮೀ. ಹಾಕಿಸಿ. ಗಾಜಿನ ಬದಲು ಅಕ್ರಿಲಿಕ್ ಹಾಳೆಯ ಪೆಟ್ಟಿಗೆ ಮಾಡಿಸಿದರೆ ಹಗುರ, ಆದರೆ ಒರೆಸಿದಷ್ಟೂ ಅದು ಸ್ಥಿರವಿದ್ಯುತ್ತಿನಿಂದ ಧೂಳನ್ನು ಎಳೆದುಕೊಳ್ಳುತ್ತದೆ. ಸ್ಪಿರಿಟ್ ಅಥವಾ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ತಾಗಿದರೆ ಕೂದಲೆಳೆ ಬಿರುಕು ಬಿಡುತ್ತದೆ. ಅದಕ್ಕೆ ಒದ್ದೆ ಮೈಕ್ರೋಫೈಬರ್ ಬಟ್ಟೆ ಮಾತ್ರ.

ಕಾರ್ಪೆಂಟರ್ ಹತ್ತಿರ ಮಾಡಿಸುವವರು ಇದನ್ನು ಗಮನವಿಟ್ಟು ಓದಿ. ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳ ಒಳಗಿರುವ ಅಂಟು ಫಾರ್ಮಾಲ್ಡಿಹೈಡ್ ಆವಿ ಬಿಡುತ್ತದೆ. ಹಲವು ಜಾತಿಯ ಹಸಿ ಮರ, ಮರಗೆಲಸದ ಬಿಳಿ ಅಂಟು, ಗಾಜು ಕೂರಿಸಲು ಹಾಕುವ ಒಂದು ಬಗೆಯ ಸಿಲಿಕಾನ್ ಸೀಲೆಂಟ್ ಇವೆಲ್ಲ ಅಸಿಟಿಕ್ ಆಮ್ಲದ ಆವಿ ಬಿಡುತ್ತವೆ. ಸೀಲೆಂಟ್ ಹಚ್ಚುವಾಗ ಘಾಟು ವಿನೆಗರ್ ವಾಸನೆ ಬಂದರೆ ಅದೇ ಇದು. ಪ್ಲಾಸ್ಟಿಕ್ಕಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ಸೀಸಕ್ಕೆ ಮಾತ್ರ ಇದು ವಿಷ. ಸೀಸದ ಗೊಂಬೆಗಳು, ಸೀಸ ಬೆರೆತ ವೈಟ್ ಮೆಟಲ್ ಭಾಗಗಳು (ತವರ, ಸೀಸ ಮುಂತಾದವುಗಳ ಮೆದು ಮಿಶ್ರಲೋಹ) ಇಂಥ ಮುಚ್ಚಿದ ಕಪಾಟಿನಲ್ಲಿ ಕ್ರಮೇಣ ಬಿಳಿ ಪುಡಿಯಾಗಿ ಉದುರುತ್ತವೆ. ಹಳೆಯ ಹಡಗು ಮಾಡೆಲ್‌ಗಳನ್ನು ಇಟ್ಟಿರುವ ವಸ್ತುಸಂಗ್ರಹಾಲಯಗಳಿಗೂ ಇದು ದೊಡ್ಡ ತಲೆನೋವು. ಆ ಪುಡಿ ಕಂಡರೆ ಬಾಯಿಂದ ಊದಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಸೀಸದ ಸಂಯುಕ್ತಗಳು ಮೈಗೆ ಒಳ್ಳೆಯದಲ್ಲ.

ಇದೇ ಕಾರಣಕ್ಕೆ ಇನ್ನೊಂದು ಮಾತು. ವಿಮಾನ ಬಾಲದ ಮೇಲೆ ಕೂರದೆ ಮೂತಿ ಭಾರವಾಗಲೆಂದು ಅದರ ಒಳಗೆ ಸೀಸದ ಗುಂಡು ತುಂಬಿ ಬಿಳಿ ಅಂಟು ಸುರಿಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಆ ಅಂಟಿನ ಆಮ್ಲದಿಂದ ಸೀಸ ಊದಿಕೊಳ್ಳುತ್ತದೆ, ಕೆಲವು ವರ್ಷಗಳಲ್ಲಿ ಮೂತಿಯನ್ನು ಒಳಗಿನಿಂದಲೇ ಸೀಳುತ್ತದೆ. ಎರಡು ಟ್ಯೂಬು ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಬಳಸಿ.

ಪರಿಹಾರ ಸುಲಭ: ಸೀಲೆಂಟ್ ಕೊಳ್ಳುವಾಗ "ನ್ಯೂಟ್ರಲ್ ಕ್ಯೂರ್" ಎಂದು ಕೇಳಿ ತನ್ನಿ, ಬೋರ್ಡಿನ ಕತ್ತರಿಸಿದ ಅಂಚುಗಳನ್ನೂ ಸೇರಿಸಿ ಒಳಮೈಗೆ ಪೂರ್ತಿ ಲ್ಯಾಮಿನೇಟ್ ಹಚ್ಚಿಸಿ. ಹೊಸ ಶೋಕೇಸನ್ನು ಬಾಗಿಲು ತೆರೆದು ಒಂದು ತಿಂಗಳಾದರೂ ಖಾಲಿ ಬಿಡಿ. ಬಾಗಿಲು ಒಂದು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ತೆರೆದಾಗ ಮೂಗಿಗೆ ಏನೂ ಬಡಿಯದಿದ್ದರೆ ಮಾಡೆಲ್ ಇಡಬಹುದು.

ಹಂತ 5: ಟೈರು, ಟ್ರ್ಯಾಕ್‌ಗಳನ್ನು ಪರೀಕ್ಷಿಸಿ

ಕಾರು, ಬೈಕ್, ಟ್ಯಾಂಕ್ ಮಾಡುವವರು ಇದನ್ನು ಬಿಡಬಾರದು. ಹಲವು ಕಿಟ್‌ಗಳಲ್ಲಿ ಟೈರು ಮತ್ತು ಟ್ಯಾಂಕಿನ ಟ್ರ್ಯಾಕು (ಗಾಲಿಗಳನ್ನು ಸುತ್ತುವ ಪಟ್ಟಿ) ಮೆತ್ತನೆಯ ಪಿವಿಸಿಯವು. ಪಿವಿಸಿ ಮೆತ್ತಗಿರಲೆಂದು ಅದಕ್ಕೆ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಅದು ನಿಧಾನವಾಗಿ ಹೊರಬಂದು ಪಾಲಿಸ್ಟೈರೀನನ್ನು ಕರಗಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಟೈರನ್ನು ಮೆಲ್ಲಗೆ ಎಳೆದು ನೋಡಿದರೆ ಅದು ರಿಮ್ಮಿಗೆ ಅಂಟಿಕೊಂಡಿರುತ್ತದೆ. ಬಿಡಿಸಿದರೆ ರಿಮ್ಮಿನ ಚೂಪು ಅಂಚು ಹೋಗಿ ಜಿಗುಟಾದ, ಹೊಳೆಯುವ ತಗ್ಗು ಉಳಿದಿರುತ್ತದೆ, ಕ್ರೋಮ್ ಲೇಪ ಟೈರಿನ ಒಳಮೈಗೆ ಬಂದಿರುತ್ತದೆ. ಕಿಟ್ ಡಬ್ಬದಲ್ಲೇ ಪಾರದರ್ಶಕ ಭಾಗಗಳ ಮೇಲೆ ಟೈರು ಬಿದ್ದಿದ್ದರೂ ಹೀಗೇ ಆಗುತ್ತದೆ. ಕಿಟ್ ತಂದ ದಿನವೇ ಟೈರುಗಳನ್ನು ಬೇರೆ ಕವರಿಗೆ ಹಾಕಿಡಿ.

ಜೋಡಿಸುವ ಮೊದಲು ರಿಮ್ಮಿನ ಸುತ್ತ ತೆಳು ಅಲ್ಯೂಮಿನಿಯಂ ಟೇಪು ಸುತ್ತಿ, ಆಮೇಲೆ ಟೈರು ಹಾಕಿ. ಬರೀ ಬಣ್ಣದ ಪದರ ಸ್ವಲ್ಪ ಕಾಲ ತಡೆದೀತು, ಪೂರ್ತಿ ನಂಬಬೇಡಿ. ರೆಸಿನ್ ಗಾಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಟ್ಯಾಂಕಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಡಿಬಿಡಿ ಕೊಂಡಿಗಳ ಟ್ರ್ಯಾಕ್ ಹಾಕಿ. ಮಾಡೆಲ್ ಕೆಳಗೆ ಮೆತ್ತನೆ ಪಿವಿಸಿ ಮ್ಯಾಟು, ಪಾರದರ್ಶಕ ಟೇಬಲ್ ಕವರ್ ಹಾಸಲೇಬೇಡಿ.

ಹಂತ 6: ಪ್ರತಿ ಮಾಡೆಲಿಗೂ ಒಂದು ಪೀಠ

ಪೀಠ ಅಂದಕ್ಕಾಗಿ ಮಾತ್ರ ಅಂದುಕೊಳ್ಳುತ್ತಾರೆ. ಅದರ ನಿಜವಾದ ಉಪಯೋಗ ಕೈಗೆ. ಪೀಠ ಇದ್ದರೆ ನೀವು, ಮನೆಗೆ ಬಂದವರು, ಮಕ್ಕಳು ಎಲ್ಲರೂ ಹಿಡಿಯುವುದು ಪೀಠವನ್ನು. ಮಾಡೆಲ್ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಮಾಡೆಲಿಗಿಂತ ನಾಲ್ಕೂ ಕಡೆ ಎರಡು ಸೆಂ.ಮೀ. ದೊಡ್ಡದಾದ, ವಾರ್ನಿಷ್ ಹೊಡೆದು ಒಣಗಿಸಿದ ಹಲಗೆ ಸಾಕು.

ಕೂರಿಸುವಾಗ ಬರೀ ಅಂಟು ನೆಚ್ಚಬೇಡಿ. ಗಾಲಿಯ ತಳದಲ್ಲಿ ಪಿನ್ ವೈಸ್‌ನಿಂದ (ಬೆರಳಲ್ಲಿ ತಿರುಗಿಸುವ ಸಣ್ಣ ಡ್ರಿಲ್) ತೂತು ಕೊರೆದು, ಸುಮಾರು 0.5 ಮಿ.ಮೀ. ಹಿತ್ತಾಳೆ ತಂತಿ ಕೂರಿಸಿ, ಅದರ ಇನ್ನೊಂದು ತುದಿಯನ್ನು ಪೀಠದ ತೂತಿಗೆ ಇಳಿಸಿ. ಬೇಕಾದಾಗ ಎತ್ತಿ ತೆಗೆಯಬಹುದು. ಹಡಗಿಗೆ ಒಡಲಿನೊಳಗೆ ನಟ್ಟು ಅಂಟಿಸಿಟ್ಟು ಕೆಳಗಿನಿಂದ ಸ್ಕ್ರೂ ಹಾಕಬೇಕು; ಇದನ್ನು ಡೆಕ್ ಮುಚ್ಚುವ ಮೊದಲೇ ಯೋಚಿಸಿರಬೇಕು. ಪೋಸ್ಟರ್ ಅಂಟಿಸುವ ಮೆತ್ತನೆ ಪುಟ್ಟಿಯನ್ನು ಹಲವರು ಬಳಸುತ್ತಾರೆ. ಅದು ಬಿಡುವ ಜಿಡ್ಡು ಬಣ್ಣಕ್ಕೆ ಇಳಿಯುತ್ತದೆ, ಬೇಡ.

ಪೀಠದ ಅಡಿಗೆ ಒಂದು ಚೀಟಿ ಅಂಟಿಸಿ: ಯಾವ ಕಿಟ್, ಯಾವ ಬಣ್ಣ ಯಾವ ಸಂಖ್ಯೆ, ಯಾವ ವಾರ್ನಿಷ್. ಮುಂದೆ ಗೀರು ಬಿದ್ದಾಗ ಅದೇ ಬಣ್ಣ ಹುಡುಕಲು ಇದೊಂದೇ ಆಧಾರ.

ಹಂತ 7: ಜೋಡಣೆ, ಬೆಳಕು

ಭಾರದವು ಕೆಳಗೆ, ಸೂಕ್ಷ್ಮ ಕೆಲಸದವು ಕಣ್ಣಿನ ಮಟ್ಟಕ್ಕೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರ ಕಣ್ಣಿನ ಮಟ್ಟದ ಹಲಗೆಯಲ್ಲಿ ಅವರು ಎತ್ತಿ ಆಡಬಹುದಾದ ಗಟ್ಟಿ ಮಾಡೆಲ್ ಒಂದೆರಡು ಇಡಿ, ಮೇಲಿನವು ಉಳಿಯುತ್ತವೆ. ಇದ್ದದ್ದೆಲ್ಲ ಒಟ್ಟಿಗೆ ತುಂಬುವುದು ನನಗೆ ಒಪ್ಪಿಗೆಯಿಲ್ಲ. ಮೂರನೇ ಒಂದು ಭಾಗ ಡಬ್ಬದಲ್ಲಿರಲಿ, ವರ್ಷಕ್ಕೆ ಎರಡು ಸಲ ಬದಲಿಸಿ. ಆಗ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸಿದ ಹಾಗೂ ಆಗುತ್ತದೆ.

ಬೆಳಕಿಗೆ ಎಲ್‌ಇಡಿ ಪಟ್ಟಿ ಮಾತ್ರ ಬಳಸಿ, ಹ್ಯಾಲೊಜೆನ್ ಬಲ್ಬು ಕಾವು ಕಾರುತ್ತದೆ. ಪಟ್ಟಿಯನ್ನು ಹಲಗೆಯ ಹಿಂದಲ್ಲ, ಮುಂದಿನ ಮೇಲಂಚಿಗೆ ಹಾಕಿ. ಹಿಂದೆ ಹಾಕಿದರೆ ಮಾಡೆಲಿನ ಮುಖ ಕತ್ತಲಾಗುತ್ತದೆ. ಎಲ್‌ಇಡಿಗೆ ವಿದ್ಯುತ್ ಇಳಿಸಿ ಕೊಡುವ ಡ್ರೈವರ್ ಡಬ್ಬಿ ಬಿಸಿಯಾಗುತ್ತದೆ, ಅದು ಶೋಕೇಸಿನ ಹೊರಗೇ ಇರಬೇಕು. ದಿನವಿಡೀ ಉರಿಸಬೇಡಿ.

ಹಂತ 8: ತೇವ, ಹುಳ

ಮುಚ್ಚಿದ ಶೋಕೇಸಿನೊಳಗೆ ತೇವಾಂಶ ಶೇ 45ರಿಂದ 55ರ ಮಧ್ಯೆ ಇದ್ದರೆ ಬಹಳ ಒಳ್ಳೆಯದು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಷ್ಟು ಇಳಿಸುವುದು ಕಷ್ಟ, ಶೇ 65 ದಾಟದಂತೆ ನೋಡಿಕೊಂಡರೆ ಸಾಕು. ಅದಕ್ಕಿಂತ ಮೇಲೇರಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ಅದು ಮೊದಲು ಕಾಣುವುದು ಡಯೊರಾಮಾದ (ಮಾಡೆಲಿನ ಸುತ್ತ ನೆಲ, ಗಿಡ, ಮನೆ ಸೇರಿಸಿ ಕಟ್ಟಿದ ದೃಶ್ಯ) ಹುಲ್ಲು, ಮಣ್ಣು, ಕಾಗದದ ಮೇಲೆ. ಸಮುದ್ರದ ಹತ್ತಿರ ಇರುವವರು ಹಿತ್ತಾಳೆಯ ಕಂಬಿ, ಜಾಲರಿಗಳನ್ನು ಬಣ್ಣ ಹೊಡೆಯದೆ ಬಿಡಬೇಡಿ, ಉಪ್ಪುಗಾಳಿಗೆ ಕಪ್ಪಾಗುತ್ತವೆ. ಕಲಬುರಗಿ, ರಾಯಚೂರು ಕಡೆಯವರಿಗೆ ಇದಕ್ಕೆ ಉಲ್ಟಾ ಸಮಸ್ಯೆ. ಬೇಸಿಗೆಯ ಒಣಗಾಳಿಗೆ ಮರದ ಹಡಗುಗಳ ಹಲಗೆ ಕುಗ್ಗಿ ಸಂದು ಬಿಡುತ್ತವೆ, ಅಂಥವನ್ನು ಕೂಲರ್, ಎಸಿ ಗಾಳಿ ನೇರ ತಾಗುವ ಕಡೆ ಇಡಬೇಡಿ.

ಸಿಲಿಕಾ ಜೆಲ್ ಕೆಲಸ ಮಾಡುವುದು ಬಾಗಿಲಿನ ಸಂದು ಮುಚ್ಚಿದ್ದರೆ ಮಾತ್ರ. ಸಂದು ಬಿಟ್ಟರೆ ಅದು ಊರಿನ ತೇವವನ್ನೆಲ್ಲ ಹೀರಲು ಹೊರಡುತ್ತದೆ. ಚಪ್ಪಲಿ ಡಬ್ಬದಲ್ಲಿ ಬಂದ ಪೊಟ್ಟಣಗಳು ಆಗಲೇ ತೇವ ಕುಡಿದಿರುತ್ತವೆ. ಬಣ್ಣ ಬದಲಿಸುವ ಕಿತ್ತಳೆ ಹರಳುಗಳನ್ನು ತನ್ನಿ. ಹಸಿರಾದಾಗ 110-120 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತವೆ, ಜತೆಗೆ ತಿನ್ನುವ ಪದಾರ್ಥ ಇಡಬೇಡಿ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುವುದರಿಂದ ಮನೆಗೆ ಬೇಡ.

ಈಗ ಅತಿ ಮುಖ್ಯವಾದ ಎಚ್ಚರಿಕೆ. ಬಟ್ಟೆ ಬೀರುವಿಗೆ, ದಸರಾ ಗೊಂಬೆಯ ಪೆಟ್ಟಿಗೆಗೆ ಹಾಕುವ ಹಾಗೆ ಶೋಕೇಸಿಗೂ ನುಸಿ ಗುಳಿಗೆ ಹಾಕುವ ಪದ್ಧತಿ ನಮ್ಮ ಮನೆಗಳಲ್ಲಿದೆ. ನುಸಿ ಗುಳಿಗೆಯ ನ್ಯಾಫ್ತಲೀನ್ ಆಗಲಿ, ಬಚ್ಚಲಿಗೆ ಹಾಕುವ ಘಾಟಿನ ಗುಳಿಗೆಗಳ ಪ್ಯಾರಾಡೈಕ್ಲೋರೋಬೆಂಜೀನ್ ಆಗಲಿ, ಅವುಗಳ ಆವಿ ಪಾಲಿಸ್ಟೈರೀನನ್ನು ಮೆದುಗೊಳಿಸುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡೆಲಿನ ಮೈ ಜಿಗುಟಾಗಿ, ಬಣ್ಣ ಸುಕ್ಕುಗಟ್ಟಿ, ಸುತ್ತಿದ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಕರ್ಪೂರವನ್ನೂ ಹಾಕಬೇಡಿ. ಮನೆಯಲ್ಲಿ ಎಲ್ಲರಿಗೂ ಇದನ್ನು ಹೇಳಿಡಿ. ಸಹಾಯ ಮಾಡುವ ಮನಸ್ಸಿನಿಂದಲೇ ಯಾರಾದರೂ ಎರಡು ಗುಳಿಗೆ ಒಳಗೆ ಹಾಕಿಬಿಡುತ್ತಾರೆ. ಹಲ್ಲಿ, ಜಿರಲೆ, ಕಾಗದ ತಿನ್ನುವ ಬೆಳ್ಳಿಹುಳಗಳಿಗೆ ಬಾಗಿಲಿನ ಸಂದು ಮುಚ್ಚುವುದೇ ಮದ್ದು.

ಹಂತ 9: ಧೂಳು ತೆಗೆಯುವುದು

ಫ್ಯಾನ್ ಆರಿಸಿ. ಮೊದಲು ರಬ್ಬರ್ ಬುರುಡೆಯಿಂದ ಊದಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ; ಧೂಳು ಊದಲು ಡಬ್ಬಿಯಲ್ಲಿ ತುಂಬಿ ಮಾರುವ ಗಾಳಿ, ಡಬ್ಬಿ ಸ್ವಲ್ಪ ಓರೆಯಾದರೂ, ತಣ್ಣನೆ ದ್ರವ ಉಗುಳುತ್ತದೆ. ಆಮೇಲೆ ಬ್ರಷ್. ಬುಡದಿಂದ ತುದಿಯ ಕಡೆಗೆ ಮಾತ್ರ ಎಳೆಯಿರಿ. ಮಿಗ್-21ರ ಮೂತಿಯಲ್ಲಿ ಮುಂದಕ್ಕೆ ಚಾಚಿದ ಪಿಟಾಟ್ ನಳಿಕೆ (ವೇಗ ಅಳೆಯಲು ಗಾಳಿಯ ಒತ್ತಡ ತಿಳಿಯುವ ಕಡ್ಡಿ) ಇದೆಯಲ್ಲ, ಅದರ ಬುಡಕ್ಕೆ ಎಡಗೈ ಬೆರಳು ಆನಿಸಿ, ಸಣ್ಣ ಬ್ರಷ್ಷನ್ನು ಮೂತಿಯಿಂದ ಕಡ್ಡಿಯ ತುದಿಗೆ ಒಯ್ದು ಗಾಳಿಯಲ್ಲಿ ಬಿಟ್ಟುಬಿಡಿ. ಹಿಂದಕ್ಕೆ ತರಬೇಡಿ. ಹಿಂದಕ್ಕೆ ತರುವಾಗಲೇ ಕೂದಲು ಸಿಕ್ಕಿಕೊಂಡು ಕಡ್ಡಿ ಮುರಿಯುವುದು.

ಜಿಡ್ಡು ಕೂತಿದ್ದರೆ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಹತ್ತಿ ಕಡ್ಡಿ ಅದ್ದಿ ಹಿಂಡಿ, ಮೊದಲು ಹೊಟ್ಟೆಯ ಕೆಳಗೆ ಕಾಣದ ಕಡೆ ಪರೀಕ್ಷಿಸಿ. ಬಣ್ಣ ಬರದಿದ್ದರೆ ಕಡ್ಡಿಯನ್ನು ಉರುಳಿಸುತ್ತಾ ಒರೆಸಿ, ಉಜ್ಜಬೇಡಿ. ಬರೀ ನೀರಿನ ಕಡ್ಡಿಯಿಂದ ಇನ್ನೊಮ್ಮೆ ಒರೆಸಿ. ಮಣ್ಣು, ತುಕ್ಕು ತೋರಿಸಲು ಪಿಗ್ಮೆಂಟ್ ಪುಡಿ ಉದುರಿಸಿ ವಾರ್ನಿಷ್ ಹೊಡೆಯದೆ ಬಿಟ್ಟ ಮಾಡೆಲಿಗೆ ನೀರು ತಾಗಿಸಲೇಬೇಡಿ. ತಿನ್ನರ್, ಸ್ಪಿರಿಟ್, ಗ್ಲಾಸ್ ಕ್ಲೀನರ್ ಮೂರೂ ದೂರ ಇರಲಿ. ಶೋಕೇಸಿನ ಗಾಜಿಗೆ ಕ್ಲೀನರ್ ಬೇಕೇ ಬೇಕೆಂದರೆ ಬಟ್ಟೆಗೆ ಹಾಕಿಕೊಂಡು ಹೊರಬದಿ ಮಾತ್ರ ಒರೆಸಿ.

ಹಂತ 10: ಡಬ್ಬದಲ್ಲಿ ಇಡುವುದು, ಮನೆ ಬದಲಿಸುವುದು

ಅಟ್ಟದ ಮೇಲೆ ಇಡಬೇಡಿ. ತಾರಸಿ ಕೆಳಗಿನ ಲಾಫ್ಟ್ ಏಪ್ರಿಲ್‌ನಲ್ಲಿ ಮನೆಯ ಅತಿ ಬಿಸಿಯಾದ ಜಾಗ, ಶೀಟಿನ ಮಾಡಾದರೆ ಹೇಳುವುದೇ ಬೇಡ. ಮಂಚದ ಕೆಳಗೆ, ಬೀರುವಿನ ನಡು ಅರೆಯಲ್ಲಿ ಇಡಿ.

ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 5 ಅಂದರೆ ಪಾಲಿಪ್ರೊಪಿಲೀನ್, ಅದನ್ನೇ ತನ್ನಿ. 3 ಅಂದರೆ ಪಿವಿಸಿ, ಬೇಡ. ಒಳಗೆ ಹಾಸಲು ಟಿವಿ ಡಬ್ಬದಲ್ಲಿ ಬರುವಂಥ ಬಿಳಿ, ಬಾಗುವ ಇಪಿಇ ಫೋಮ್ (ಪಾಲಿಎಥಿಲೀನಿನದು, ಥರ್ಮೊಕೋಲ್ ಅಲ್ಲ) ಒಳ್ಳೆಯದು. ಹಾಸಿಗೆಯ ಹಳದಿ ಸ್ಪಂಜು ಹಳೆಯದಾದಂತೆ ಪುಡಿಯಾಗಿ ಅಂಟಿಕೊಳ್ಳುತ್ತದೆ. ಗುಳ್ಳೆಗಳ ಬಬಲ್ ರ‍್ಯಾಪ್ ನೇರ ತಾಗಿದರೆ ಬಣ್ಣದ ಮೇಲೆ ಉಂಗುರದ ಗುರುತು ಉಳಿಯುತ್ತದೆ, ದಿನಪತ್ರಿಕೆಯ ಶಾಯಿಯೂ ಮೆತ್ತುತ್ತದೆ. ಬಿಳಿ ಟಿಶ್ಯೂ ಕಾಗದ ಬಳಸಿ.

ಪ್ಯಾಕಿಂಗ್‌ನ ಗುಟ್ಟು ಇಷ್ಟೇ: ಮಾಡೆಲಿನ ಸುತ್ತ ಏನನ್ನೂ ತುರುಕಬೇಡಿ, ಅದನ್ನು ಅಲುಗಾಡದಂತೆ ಕಟ್ಟಿ. ಕಳಚಬಹುದಾದ ಕ್ಷಿಪಣಿ, ಪ್ರೊಪೆಲ್ಲರ್ ತೆಗೆದು ಹೆಸರು ಬರೆದ ಜಿಪ್ ಕವರಿಗೆ ಹಾಕಿ. ಪೀಠವನ್ನು ಡಬ್ಬದ ತಳಕ್ಕೆ ಸ್ಕ್ರೂನಿಂದ ಬಿಗಿಯಿರಿ. ಪೀಠ ಇಲ್ಲದಿದ್ದರೆ ರೆಕ್ಕೆ ಒಡಲಿಗೆ ಸೇರುವ ಗಟ್ಟಿ ಜಾಗದಲ್ಲಿ ಟಿಶ್ಯೂ ಮಡಿಸಿಟ್ಟು, ಅದರ ಮೇಲೆ ಹತ್ತಿಯ ಲಾಡಿ ಹಾಯಿಸಿ, ಫೋಮಿನಲ್ಲಿ ತೂತು ಮಾಡಿ ಕೆಳಗೆ ಗಂಟು ಹಾಕಿ. ತುದಿಗಳೆಲ್ಲ ಗಾಳಿಯಲ್ಲಿ ಬಿಡುವಾಗಿರಬೇಕು. ಈ ಡಬ್ಬವನ್ನು ಸುತ್ತ ಎರಡಿಂಚು ಫೋಮ್ ಹಾಕಿದ ದೊಡ್ಡ ರಟ್ಟಿನ ಡಬ್ಬದೊಳಗೆ ಇಳಿಸಿ. ಮುಚ್ಚುವ ಮುನ್ನ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಡಬ್ಬದ ನಾಲ್ಕೂ ಪಕ್ಕಕ್ಕೆ ಮೇಲ್ಮುಖ ಬಾಣ ಹಾಕಿ "ಈ ಕಡೆ ಮೇಲೆ" ಎಂದು ಬರೆಯಿರಿ.

ಲಾರಿಗೆ ಹಾಕಬೇಡಿ, ನಿಮ್ಮ ಜತೆ ಕಾರಿನಲ್ಲೇ ಒಯ್ಯಿರಿ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ಕಾರನ್ನು ನೆರಳಿಗೆ ಹಾಕಿ. ಕಿಟಕಿ ಮುಚ್ಚಿದ ಕಾರಿನ ಒಳಗಿನ ಕಾವಿಗೆ ತೆಳು ಭಾಗ ಸೊಟ್ಟಗಾಗಲು ಬಹಳ ಹೊತ್ತು ಬೇಕಿಲ್ಲ. ಹೊಸ ಮನೆಯಲ್ಲಿ ಬಿಚ್ಚಿದ ಮೇಲೆ ಫೋಟೊ ಪಕ್ಕದಲ್ಲಿಟ್ಟು ಒಂದೊಂದೇ ಭಾಗ ತಾಳೆ ನೋಡಿ. ಏನಾದರೂ ಕಾಣೆಯಾಗಿದ್ದರೆ ಟಿಶ್ಯೂ, ಫೋಮಿನ ಚೂರುಗಳನ್ನು ಬಿಳಿ ಬಟ್ಟೆಯ ಮೇಲೆ ಕೊಡವಿ ಹುಡುಕಿ, ಅಲ್ಲಿಯವರೆಗೆ ಡಬ್ಬವನ್ನು ಕಸಕ್ಕೆ ಹಾಕಬೇಡಿ.